ಪ್ರಾರ್ಥನೆಯ ನಡುವೆ ಎದ್ದುಹೋದೆ

ಆ ಭಾನುವಾರ ಗೋವಾದ ಚಿಂಬಲ್‌ನ ನಮ್ಮ ಕನ್ನಡ ಪ್ರಾರ್ಥನಾ ಕೂಟದಲ್ಲಿ ಪಾಸ್ಟರು ಮತ್ತಾಯನ ಸುವಾರ್ತೆ ಓದುತ್ತಿದ್ದರು. ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಅವನೊಂದಿಗೆ ಒಂದಾಗು ಎಂಬ ಮಾತು ಬಂತು. ನನಗೆ ಕೂತಿರಲು ಆಗಲಿಲ್ಲ. ಬೈಬಲನ್ನು ಹೆಂಡತಿಯ ಕೈಗಿತ್ತು, ಎರಡು ಓಣಿ ದಾಟಿ ರಫೀಕನ ಬಾಗಿಲು ಬಡಿದೆ.

ಪರ್ವರಿಯ ಕಟ್ಟಡವೊಂದರಲ್ಲಿ ನಾವಿಬ್ಬರೂ ಗಾರೆ ಕೆಲಸ ಮಾಡುತ್ತಿದ್ದೆವು. ಡ್ರಿಲ್ ಯಂತ್ರ ಕಾಣೆಯಾದಾಗ, ಯಾವುದೋ ಸಣ್ಣ ಜಗಳದ ಸಿಟ್ಟಿಗೆ ಸೂಪರ್‌ವೈಸರ್ ಮುಂದೆ ಅವನ ಹೆಸರು ಹೇಳಿದವನು ನಾನೇ. ಅವನ ಕೆಲಸ ಹೋಯಿತು. ವಾರದ ನಂತರ ಯಂತ್ರ ಸಿಮೆಂಟ್ ಚೀಲಗಳ ಹಿಂದೆ ನನ್ನ ಕೈಗೇ ಸಿಕ್ಕಿತು. ಯಾರಿಗೂ ಹೇಳದೆ ಉಗ್ರಾಣದಲ್ಲಿಟ್ಟು ಸುಮ್ಮನಿದ್ದೆ.

ಇದಿಷ್ಟನ್ನೂ ಹೇಳಿ, "ತಪ್ಪಾತಪಾ, ನನ್ನ ಕ್ಷಮಿಸು" ಎಂದೆ. ಹೊಡೆಯುತ್ತಾನೆಂದೇ ಅಂದುಕೊಂಡಿದ್ದೆ. ಅವನು ನನ್ನ ತೋಳು ಹಿಡಿದು ಒಳಗೆ ಕರೆದೊಯ್ದ. "ಇದನ್ನ ನನ್ನ ಮಗಳ ಮುಂದ ಹೇಳು. ಕಳ್ಳನ ಮಗಳು ಅಂತ ಓಣ್ಯಾಗ ಭಾಳ ಅನ್ನಿಸ್ಕೊಂಡಾಳ."

ಹತ್ತು ವರ್ಷದ ಆ ಹುಡುಗಿಯ ಮುಂದೆ ನೆಲಕ್ಕೆ ಕೂತು ಎಲ್ಲವನ್ನೂ ಮತ್ತೆ ಹೇಳಿದೆ. ಅವಳು ತಾಯಿಯ ಕಡೆ ತಿರುಗಿ, "ನಮ್ಮ ಅಬ್ಬಾ ಅಲ್ಲಂತ ನಾ ಹೇಳಿದ್ದಿಲ್ಲೇನು?" ಎಂದು ಜೋರಾಗಿ ನಕ್ಕಳು. ರಫೀಕ್ ಮುಖ ಒರೆಸಿಕೊಂಡ.

ಮರುದಿನ ಸೂಪರ್‌ವೈಸರ್‌ಗೂ ಹೇಳಿ ಚೆನ್ನಾಗಿ ಬೈಸಿಕೊಂಡೆ. ರಫೀಕನನ್ನು ವಾಪಸ್ ಕರೆದರು. ನಾಲ್ಕು ತಿಂಗಳಿಂದ ಅವನ ಮನೆ ತಪ್ಪಿಸಿ ಸುತ್ತುಹಾದಿಯಲ್ಲಿ ನಡೆಯುತ್ತಿದ್ದ ನಾನು ಈಗ ಅವನನ್ನು ಬಾಗಿಲಲ್ಲೇ ಕೂಗಿ ಕರೆದುಕೊಂಡು ಕೆಲಸಕ್ಕೆ ಹೋಗುತ್ತೇನೆ.