ಬಿಚ್ಚದೆ ಇಟ್ಟ ಮ್ಯಾಟ್

ಆ ಸುದ್ದಿಯಲ್ಲಿ ಆರು ವಾಕ್ಯಗಳಿದ್ದವು. ಐದು ಸರಿ ಇದ್ದವು. ಆರನೆಯದು ಹೀಗಿತ್ತು: 'ಹೊಸ ಮ್ಯಾಟ್ ಮೇಲೆ ಬಾಲಕಿಯರ ಅಭ್ಯಾಸ ಸೋಮವಾರದಿಂದ ಆರಂಭವಾಗಿದೆ.' ನಾನು ಅದನ್ನು ಬರೆದದ್ದು ಭಾನುವಾರ ಮಧ್ಯಾಹ್ನ. ನಮ್ಮ ಪತ್ರಿಕೆಯ ನಗರದ ಪುಟ ಅಚ್ಚಾಗಿ ಬರುವುದು ಮಂಗಳವಾರ. ನಾಳೆ ನಡೆಯಬೇಕಾದದ್ದನ್ನು ಆಗಲೇ ನಡೆದುಹೋದಂತೆ ಬರೆಯುವುದು ಈ ಕಸುಬಿನಲ್ಲಿ ಹಳೆಯ ರೂಢಿ. ಸಭೆ ಜರುಗಿತು, ಉದ್ಘಾಟನೆ ನೆರವೇರಿತು ಎಂದು ಎಷ್ಟೋ ಸಲ ಮುಂಚಿತವಾಗಿ ಬರೆದಿಟ್ಟು ಮನೆಗೆ ಹೋಗಿದ್ದೇನೆ. ಸಾಮಾನ್ಯವಾಗಿ ಅವು ಜರುಗಿಯೂ ಬಿಡುತ್ತವೆ. ಯಾರೂ ಕೇಳುವುದಿಲ್ಲ.

ಈ ಸಲ ಕೇಳಿದವಳು ಆ ಬಾಲಕಿಯರ ಕಬಡ್ಡಿ ತಂಡದ ಕೋಚ್.

ಆಕೆ ಪರೇಲ್‌ನ ಒಂದು ಆಸ್ಪತ್ರೆಯಲ್ಲಿ ಆಯಾ. ಮನೆಯವರ ಮೂಲ ಬಾಗಲಕೋಟೆಯ ಕಡೆ. ಗಂಡ ಕಟ್ಟಡದ ಕೆಲಸಕ್ಕೆ ಬಂದವನು, ಆಕೆ ಗಂಡನ ಹಿಂದೆ ಬಂದವಳು. ಊರಿನಲ್ಲಿ ಮದುವೆಗೆ ಮುಂಚೆ ಕಬಡ್ಡಿ ಆಡಿದ್ದಳು. ಇಲ್ಲಿ ಬೆಳಗಿನ ಪಾಳಿ ಮುಗಿಸಿ, ಸಂಜೆ ತಾನಿರುವ ಚಾಳಿನ, ಅಂದರೆ ಗಿರಣಿ ಕೆಲಸಗಾರರ ಮಹಡಿ ವಠಾರದ, ಪಕ್ಕದ ಮಣ್ಣಿನ ಮೈದಾನದಲ್ಲಿ ಹನ್ನೆರಡು ಹುಡುಗಿಯರಿಗೆ ಆಟ ಕಲಿಸುತ್ತಿದ್ದಳು. ಮೈದಾನವೆಂದರೆ ದೊಡ್ಡ ಮಾತು. ಒಂದು ಕಡೆ ಗಿರಣಿಯ ಹಳೆಯ ಗೋಡೆ, ಇನ್ನೊಂದು ಕಡೆ ಗಾಜಿನ ಆಫೀಸು ಕಟ್ಟಡದ ಹಿಂಭಾಗ. ನಡುವೆ ಉಳಿದ ಜಾಗ.

ಮ್ಯಾಟ್ ಯಾಕೆ ಬೇಕು ಎಂಬುದನ್ನು ಆಕೆ ನನಗೆ ಮೊದಲ ಭೇಟಿಯಲ್ಲೇ ಕಾಲಿನಿಂದ ತೋರಿಸಿದ್ದಳು. ಮಣ್ಣಿನ ಮೇಲೆ ಬರಿಗಾಲಿನಲ್ಲಿ ಗಿರಕ್ಕನೆ ತಿರುಗಿದರೆ ಹಿಮ್ಮಡಿ ಒಂದು ಗೇಣು ಜಾರುತ್ತದೆ. ಆಟಗಾರ್ತಿ ಆ ಜಾರುವಿಕೆಯನ್ನು ಲೆಕ್ಕಕ್ಕೆ ಹಿಡಿದೇ ತಿರುಗುತ್ತಾಳೆ. ಮ್ಯಾಟ್ ಮೇಲೆ ಶೂ ಹಾಕಿ ಆಡಬೇಕು; ಶೂ ಜಾರುವುದಿಲ್ಲ, ಕಚ್ಚಿಕೊಳ್ಳುತ್ತದೆ. ಪಾದ ನಿಂತಲ್ಲೇ ನಿಂತು ಮಂಡಿ ಮಾತ್ರ ತಿರುಗುತ್ತದೆ. ಜಿಲ್ಲಾ ತಂಡದ ಆಯ್ಕೆ ಈಗೆಲ್ಲ ಮ್ಯಾಟ್ ಮೇಲೆಯೇ.

"ಮಣ್ಣಾಗ ಹುಲಿ ಇರ್ತಾವ್ರೀ ಇವು. ಮ್ಯಾಟ್ ಮ್ಯಾಲೆ ಹೋಗಿ ನಿಂತ್ರ ಬೆಕ್ಕ ಆಗ್ತಾವ" ಎಂದಿದ್ದಳು.

ಹನ್ನೆರಡರಲ್ಲಿ ಒಬ್ಬಳ ಮೇಲೆ ಆಕೆಯ ಕಣ್ಣು. ಉದ್ದ ಕೈಕಾಲಿನ, ಕಡಿಮೆ ಮಾತಿನ ಹುಡುಗಿ; ತಂಡದ ಮುಖ್ಯ ರೇಡರ್. ಕಿರಿಯರ ವಿಭಾಗದಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ಆಯ್ಕೆಯಾದರೆ ಕ್ರೀಡಾ ಕೋಟಾದಲ್ಲಿ ಕಾಲೇಜು. ಆಗದಿದ್ದರೆ ಮಾಲ್‌ನ ಅಂಗಡಿಯಲ್ಲಿ ನಿಲ್ಲುವ ಕೆಲಸವನ್ನು ಮನೆಯವರು ಆಗಲೇ ನೋಡಿಟ್ಟಿದ್ದರು.

ಮ್ಯಾಟ್ ಕೊಟ್ಟವನು ಅದೇ ಚಾಳಿನಲ್ಲಿ ಬೆಳೆದ ಆಟಗಾರ. ವೃತ್ತಿಪರ ಲೀಗ್‌ನಲ್ಲಿ ಆಡುತ್ತಾನೆ, ಟೀವಿಯಲ್ಲಿ ಬರುತ್ತಾನೆ. ಯಾರೂ ಕೇಳದೆಯೇ ಅವನು ಕೊಟ್ಟ. ಮ್ಯಾಟ್ ಮೇಲಿನ ತನ್ನ ಮೊದಲ ಆಯ್ಕೆ ಟ್ರಯಲ್‌ನಲ್ಲಿ ಮಂಡಿ ತಿರುಚಿಕೊಂಡು ಒಂದು ವರ್ಷ ಕಳೆದುಕೊಂಡಿದ್ದನಂತೆ. ಇದನ್ನು ಭಾಷಣದಲ್ಲಿ ಹೇಳಲಿಲ್ಲ, ಚಹಾ ಕುಡಿಯುವಾಗ ಹೇಳಿದ.

ಸಮಾರಂಭ ಭಾನುವಾರ ಬೆಳಿಗ್ಗೆ. ಬೊರಿವಲಿಯಿಂದ ಲೋಕಲ್ ಹಿಡಿದು, ದಾದರ್‌ನಲ್ಲಿ ಗಾಡಿ ಬದಲಿಸಿ ನಾನು ತಲುಪುವ ಹೊತ್ತಿಗೆ ಮ್ಯಾಟ್‌ನ ತುಂಡುಗಳನ್ನು ಒಂದರ ಹಲ್ಲಿಗೆ ಇನ್ನೊಂದನ್ನು ಕೂಡಿಸಿ ಹಾಸಿದ್ದರು. ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ. ನಡುವಿನ ಗೆರೆಯ ಮೇಲೆ ಚೆಂಡುಹೂವಿನ ಹಾರ. ಚಾಳಿನ ಮಂಡಳದ ಅಧ್ಯಕ್ಷರು ಗಿರಣಿಯಲ್ಲಿ ನೇಯ್ಗೆ ವಿಭಾಗದಲ್ಲಿದ್ದ ಹಿರಿಯರು; ಬಿಳಿ ಟೋಪಿ ಇಟ್ಟುಕೊಂಡು ಅಂಚಿನಲ್ಲಿ ಕಾವಲು ನಿಂತಿದ್ದರು.

"ಏ, ಕಾಲಾಗಿಂದು ಕಳೀರೆ! ಕಳದು ಹತ್ರಿ!" ಎಂದು ಹುಡುಗಿಯರಿಗೆ ಗದರಿದರು.

ತಂಡಕ್ಕೆಲ್ಲ ಸೇರಿ ಇದ್ದದ್ದು ಮೂರು ಜೊತೆ ಶೂ. ಹಾಕಿಕೊಂಡಿದ್ದ ಮೂವರೂ ಬಿಚ್ಚಿದರು.

ಆಟಗಾರ ನಕ್ಕ. "ಕಾಕಾ, ಇದು ಶೂ ಹಾಕ್ಕೊಂಡೇ ಆಡೋ ಚೀಜ್."

"ಅದು ನಾಳಿಗಿ ತಮ್ಮಾ. ಇವತ್ತ ಪೂಜಿ."

ಬರಿಗಾಲಿನ ಹನ್ನೆರಡು ಹುಡುಗಿಯರ ನಡುವೆ ಅವನನ್ನು ನಿಲ್ಲಿಸಿ ಫೋಟೊ ತೆಗೆದರು. ಅವನು ಮಧ್ಯಾಹ್ನದ ವಿಮಾನಕ್ಕೆ ಹೊರಟ. ಬೇರೆ ಊರಿನಲ್ಲಿ ಅವನ ತಂಡದ ಕ್ಯಾಂಪ್ ಇತ್ತು. ಅಭ್ಯಾಸ ಯಾವಾಗ ಎಂದು ನಾನು ಅಧ್ಯಕ್ಷರನ್ನು ಕೇಳಿದೆ. "ನಾಳೆಯಿಂದನ ಚಾಲೂ" ಎಂದರು. ನಾನು ಬರೆದುಕೊಂಡೆ.

ಹನ್ನೆರಡು ದಿನಗಳ ನಂತರ ಕೋಚ್ ಫೋನ್ ಮಾಡಿದಳು. ಹಿಂದೆ ಆಸ್ಪತ್ರೆಯ ಟ್ರಾಲಿಯ ಸದ್ದು.

"ಸರ, ನೀವು ಬರದದ್ದು ಓದಿಸಿ ಕೇಳೀನ್ರಿ. ಭಾಳ ಚಂದ ಬರದೀರಿ. ನಮ್ಮ ಹುಡುಗ್ಯಾರು ಮ್ಯಾಟ್ ಮ್ಯಾಲೆ ಆಡಾಕತ್ತಾರಂತ. ಎಲ್ಲಿ ಆಡಾಕತ್ತಾರ ನನಗೂ ಸ್ವಲ್ಪ ತೋರಸ್ರಿ, ನಾನೂ ನೋಡ್ತೀನಿ."

ಮರುದಿನ ಹೋದೆ. ಹುಡುಗಿಯರು ಮಣ್ಣಿನಲ್ಲಿ ಆಡುತ್ತಿದ್ದರು. ಮ್ಯಾಟ್ ಮಂಡಳದ ಕೋಣೆಯಲ್ಲಿತ್ತು. ಗಣಪತಿ ಹಬ್ಬದ ದೀಪದ ಸರಗಳು, ತಾಶೆ ವಾದ್ಯಗಳು, ಮಡಚುವ ಕುರ್ಚಿಗಳ ಪಕ್ಕದಲ್ಲಿ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ, ನೀಲಿ ಪ್ಲಾಸ್ಟಿಕ್ ಹೊದಿಸಿ, ಹಗ್ಗ ಬಿಗಿದಿದ್ದರು. ಮೇಲೆ ಗೋಡೆಗೆ ನನ್ನ ಸುದ್ದಿಯ ಕತ್ತರಿಸಿದ ತುಣುಕು, ಲ್ಯಾಮಿನೇಟ್ ಮಾಡಿಸಿದ್ದು.

ಅಧ್ಯಕ್ಷರು ಚಹಾ ತರಿಸಿದರು. ಅವರು ಕೆಟ್ಟ ಮನುಷ್ಯರಲ್ಲ, ಅದನ್ನು ದಾಖಲಿಸಬೇಕು. ಬೀಗದ ಕೈ ಅವರ ಜನಿವಾರದಂತೆ ಸದಾ ಮೈಮೇಲೆ ಇರುತ್ತಿತ್ತು, ಆದರೆ ಆ ಕೋಣೆಯಿಂದ ಒಂದು ಬಲ್ಬನ್ನೂ ಅವರು ಮನೆಗೆ ಒಯ್ದವರಲ್ಲ.

"ಕೆಳಗ ಕಲ್ಲ ಅದಾವ್ರಿ ಸರ. ಈ ಹುಡುಗ್ಯಾರು ಮ್ಯಾಟ್ ತಿಂದ ಬಿಡ್ತಾರ. ನಾಳೆ ಅಂವ ಬಂದು, ಕಾಕಾ ನಾ ಕೊಟ್ಟಿದ್ದು ಎಲ್ಲಿ ಅಂದ್ರ, ಹರಕ ಚಿಂದಿ ತೋರಸ್ಲೇನು? ಯಾವ ಮಾರಿ ತಗೊಂಡು ನಿಲ್ಲಲಿ?"

"ಹುಡುಗಿಯರು ಆಡಲಿ ಅಂತಲೇ ಕೊಟ್ಟದ್ದಲ್ಲವೇ?" ಎಂದೆ.

"ಆಡಲಿ ಅಂತನ ಇಟ್ಟೀನಿ. ಫೈನಲ್ ಇದ್ದಾಗ ಹಾಸೂಣು."

ಕೋಚ್ ಬಾಗಿಲಲ್ಲಿ ನಿಂತಿದ್ದಳು, ಆಸ್ಪತ್ರೆಯ ನೀಲಿ ಸೀರೆಯಲ್ಲೇ. "ಕಾಕಾ, ಟ್ರಯಲ್‌ಗೆ ಹದಿನೇಳು ದಿನ ಉಳದಾವ. ಫೈನಲ್ ಯಾರದ? ನಿಮ್ಮದೇನು?"

"ತಂಗಿ, ನೀ ಸುಮ್ಮನಿರು. ಪೇಪರ್‌ನ್ಯಾಗ ಬಂದೈತಿ, ಅಭ್ಯಾಸ ಚಾಲೂ ಅಂತ. ಇನ್ನ ಯಾರು ಏನ ಕೇಳ್ತಾರ?" ಅವರು ಗೋಡೆಯ ಕಡೆ ಕೈ ತೋರಿಸಿದರು. ಹಾಸ್ಯಕ್ಕೆ ಹೇಳಿದ್ದಲ್ಲ. ಅವರಿಗೆ ಅದು ನಿಜಕ್ಕೂ ವಿಷಯವನ್ನು ಮುಗಿಸಿದ ದಾಖಲೆಯಾಗಿತ್ತು.

ಹೊರಗೆ ಬಂದ ಮೇಲೆ ಗೊತ್ತಾದದ್ದು ಇನ್ನೂ ಒಂದು. ಆ ತುಣುಕಿನ ಫೋಟೊವನ್ನು ಅಧ್ಯಕ್ಷರು ಆಟಗಾರನಿಗೆ ಕಳುಹಿಸಿದ್ದರು. ಅವನು ಕೈಮುಗಿದ ಚಿಹ್ನೆ ಹಾಕಿ ಉತ್ತರಿಸಿದ್ದ. ಅವನಿಗೆ ನೀವೇ ಹೇಳಬಹುದಿತ್ತಲ್ಲ ಎಂದು ಕೋಚ್ ಅನ್ನು ಕೇಳಿದೆ.

"ಕೊಟ್ಟಾವಗ ಫೋನ್ ಮಾಡಿ, ನೀ ಕೊಟ್ಟಿದ್ದು ಬರಲಿಲ್ಲಪ ಕೆಲಸಕ್ಕ ಅನ್ನಲೇನ್ರಿ? ಮುಂದ ಅಂವ ಯಾರಿಗರೆ ಕೊಡ್ತಾನೇನು? ಮತ್ತ ನಾ ಹೇಳಿದ್ರ ನನ್ನ ಮಾತು. ನಿಮ್ಮದು ಅಚ್ಚಾದ ಮಾತು."

ಆಫೀಸಿಗೆ ಹೋಗಿ ತಿದ್ದುಪಡಿ ಹಾಕೋಣ ಎಂದೆ. ಸಂಪಾದಕರು ಮಂಗಳೂರಿನ ಕಡೆಯವರು. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಎಂತ ಮಾರಾಯ್ರೆ, ಮ್ಯಾಟ್ ಬಿಚ್ಚಲಿಲ್ಲ ಅಂತ ತಿದ್ದುಪಡಿಯಾ? ಹೆಸರು ತಪ್ಪಾದರೆ ಹಾಕುವ, ತಾರೀಕು ತಪ್ಪಾದರೆ ಹಾಕುವ. ಇದು ಎಂತ ತಪ್ಪು? ಪಾಪ, ಕೊಟ್ಟವನ ಮರ್ಯಾದೆ ಏನು?"

ಅವರು ಹೇಳಿದ್ದರಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಈ ಊರಿನಲ್ಲಿ ಒಳ್ಳೆಯ ಸುದ್ದಿಯೊಂದನ್ನು ಹಿಂತೆಗೆದುಕೊಂಡರೆ ಅದು ಕೆಟ್ಟ ಸುದ್ದಿಯಾಗುತ್ತದೆ, ಯಾರೂ ಕೆಟ್ಟದ್ದು ಮಾಡದಿದ್ದರೂ. ನಾನು ವಾದಿಸಲಿಲ್ಲ. ಆ ವಯಸ್ಸು ದಾಟಿತ್ತು. ಸಂಜೆ ಆಟಗಾರನಿಗೆ ನಾನೇ ಫೋನ್ ಮಾಡಿದೆ. ತಪ್ಪು ವಾಕ್ಯ ನನ್ನದು, ಹೇಳುವ ಕೆಲಸವೂ ನನ್ನದೇ ಎನಿಸಿತು.

ಮಂಡಿಗೆ ಐಸ್ ಕಟ್ಟಿಕೊಂಡು ಕುಳಿತಿದ್ದೇನೆ ಎಂದ. ಪೂರ್ತಿ ಕೇಳಿದ. ಕೋಪ ಮಾಡಿಕೊಳ್ಳಲಿಲ್ಲ.

"ಇದು ಪೆಹ್ಲಾ ಸಲ ಅಲ್ಲ ಸರ್. ಸಾಂತಾಕ್ರೂಜ್‌ನಾಗ ಒಂದ್ ಶಾಲೆಗೆ ಕೊಟ್ಟೆ, ಅವರು ಆಫೀಸ್‌ನಲ್ಲಿ ಹಾಸಿ ಮೇಲೆ ಕುರ್ಚಿ ಇಟ್ಟಾರೆ. ಒಂದ್ ಕಡೆ ಟೀ ಶರ್ಟ್ ಕೊಟ್ಟೆ, ನನ್ನ ಸೈನ್ ತಗೊಂಡು ಫ್ರೇಮ್ ಹಾಕ್ಸಿದ್ರು. ಬಚ್ಚೇ ಹಳೇ ಬನಿಯನ್‌ನಲ್ಲೇ ಆಡ್ತಾರೆ." ಐಸ್ ಚೀಲ ಸರಿಸಿದ ಸದ್ದಾಯಿತು. "ಕೊಡೋದು ಈಜಿ ಸರ್. ಕೊಟ್ಟದ್ದು ಆಡಿ ಆಡಿ ಹರಿಯೋ ಹಂಗ ಮಾಡೋದೇ ಕಷ್ಟ."

ಆ ರಾತ್ರಿಯೇ ಅವನು ಅಧ್ಯಕ್ಷರಿಗೆ ಧ್ವನಿಸಂದೇಶ ಕಳುಹಿಸಿದ. "ಕಾಕಾ, ಮ್ಯಾಟ್ ಹಾಸ್ರಿ. ಹರೀಲಿ. ಹರದ್ರ ನನಗ ಖುಷಿ."

ಅಧ್ಯಕ್ಷರು ಆ ಸಂದೇಶವನ್ನು ಚಾಳಿನ ಎಲ್ಲ ಮಹಡಿಗಳಲ್ಲಿ ಕೇಳಿಸಿದರಂತೆ, ಹೆಮ್ಮೆಯಿಂದ. ಮೈದಾನದ ಕಲ್ಲುಗಳನ್ನು ಸ್ವತಃ ಬಾಗಿ ಆರಿಸಿದರು. ನಂತರ ಕೆಳಗೆ ಹಾಸಲು ದಪ್ಪ ತಾಡಪಾಲು ಬೇಕೆಂದರು. ತಾಡಪಾಲು ಸಿಕ್ಕಿತು, ಒಳ್ಳೆಯ ದಿನ ನೋಡಬೇಕೆಂದರು. ಸಂದೇಶವನ್ನು ಅವರು ಒಮ್ಮೆಯೂ ಅಲ್ಲಗಳೆಯಲಿಲ್ಲ. ಕೊನೆಗೆ ಟ್ರಯಲ್‌ಗೆ ಮೂರು ದಿನ ಇರುವಾಗ ಮ್ಯಾಟ್ ಹೊರಗೆ ಬಂತು. ಎರಡು ಸಂಜೆ ಆಡಿದರು, ಮೂರು ಜೊತೆ ಶೂಗಳನ್ನು ಸರದಿಯಲ್ಲಿ ಹಾಕಿಕೊಂಡು. ಮೂರನೆಯ ಸಂಜೆ ಕೋಚ್‌ಗೆ ಆಸ್ಪತ್ರೆಯಲ್ಲಿ ಎರಡನೆಯ ಪಾಳಿ ಬಿತ್ತು; ಅಭ್ಯಾಸ ನಡೆಯಲಿಲ್ಲ.

ಟ್ರಯಲ್‌ಗೆ ನಾನೂ ಹೋದೆ, ಸುದ್ದಿಗಲ್ಲ. ಉದ್ದ ಕೈಕಾಲಿನ ಹುಡುಗಿಗೆ ನಾಲ್ಕು ರೇಡ್ ಕೊಟ್ಟರು. ಮೊದಲ ಎರಡರಲ್ಲಿ ಅವಳು ಗೆರೆಯ ಹತ್ತಿರ ಸುಳಿದಾಡಿ ಬರಿಗೈಯಲ್ಲಿ ವಾಪಸು ಬಂದಳು. ಮೂರನೆಯದರಲ್ಲಿ ಒಬ್ಬಳನ್ನು ಮುಟ್ಟಿ, ಯಾವಾಗಲೂ ಮಾಡುವಂತೆ ಎಡ ಹಿಮ್ಮಡಿಯ ಮೇಲೆ ತಿರುಗಿದಳು. ಹಿಮ್ಮಡಿ ಜಾರಲಿಲ್ಲ. ಮೈ ತಿರುಗಿತು, ಪಾದ ಅಲ್ಲೇ ಉಳಿಯಿತು. ಅವಳು ಮುಖ ಅಡಿಯಾಗಿ ಬಿದ್ದಳು. ಮಧ್ಯದ ಗೆರೆಗೂ ಅವಳ ಬೆರಳುಗಳಿಗೂ ನಡುವೆ ಒಂದು ಗೇಣು ಇತ್ತು. ಮೂವರು ಮೇಲೆ ಬಿದ್ದರು. ಪೆಟ್ಟೇನೂ ಆಗಲಿಲ್ಲ. ನಾಲ್ಕನೆಯ ರೇಡ್‌ಗೆ ಹೋಗುವಾಗಲೇ ಅವಳು ಕಾಲನ್ನು ನೋಡಿಕೊಂಡು ಹೋದಳು. ಕಾಲು ನೋಡಿಕೊಂಡು ಹೋದ ರೇಡರ್ ಏನನ್ನೂ ತರುವುದಿಲ್ಲ.

ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಸ್ಟೇಷನ್‌ಗೆ ನಡೆಯುವಾಗ ಕೋಚ್ ಅವಳ ಚೀಲ ತಾನೇ ಹೊತ್ತುಕೊಂಡಳು.

"ಏನ್ ಹುಡುಗಿ, ಒಂದು ವಾರ ಮೊದಲ ಹಾಸಿದ್ರ ಲಿಸ್ಟ್‌ನ್ಯಾಗ ಬರ್ತಿದ್ದಿ" ಎಂದಳು.

"ಜಾನೇ ದೋ ನಾ ಅಕ್ಕಾ," ಹುಡುಗಿ ಹೇಳಿದಳು. ಸ್ವಲ್ಪ ದೂರ ನಡೆದ ಮೇಲೆ ತನ್ನ ಅರೆಗನ್ನಡದಲ್ಲಿ ಸೇರಿಸಿದಳು: "ಭೂಕ್ ಐತಿ."

ಮೂವರೂ ವಡಾಪಾವ್ ತಿಂದೆವು. ದುಡ್ಡು ನಾನು ಕೊಟ್ಟೆ. ಹೇಳಲು ಇದ್ದದ್ದು ಕ್ಷಮೆಯ ಒಂದೇ ಮಾತು, ಅದನ್ನು ಹೇಳಿದ್ದರೆ ಆಕೆಯೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು.

ಮರುವರ್ಷ ಆಟಗಾರ ಶೂಗಳನ್ನು ಕೊಟ್ಟ. ಹೊಸ ಹನ್ನೆರಡು ಜನರ ತಂಡಕ್ಕೆ ಹನ್ನೆರಡು ಜೊತೆ, ಮತ್ತೆ ಒಂದು ಭಾನುವಾರ. ಕೋಚ್ ಫೋನ್ ಮಾಡಿ, "ಬರ್ರಿ ಸರ. ಚಹಾ ಕುಡೀರಿ. ಬರಿಯೂದು ಆಮ್ಯಾಲೆ ನೋಡೂಣು" ಎಂದಳು.

ಹೋದಾಗ ಮ್ಯಾಟ್ ಹಾಸಿತ್ತು. ಅದು ಈಗ ದಿನವೂ ಹಾಸುತ್ತಿದ್ದ ಮ್ಯಾಟ್ ಎಂದು ನೋಡಿದರೇ ತಿಳಿಯುತ್ತಿತ್ತು. ಅಂಚಿನ ಎರಡು ತುಂಡುಗಳ ಹಲ್ಲು ಕಿತ್ತುಹೋಗಿತ್ತು. ಅಧ್ಯಕ್ಷರು ಹೂವಿನ ಬುಟ್ಟಿ ಹಿಡಿದು, ಶೂಗಳ ಡಬ್ಬಿ ಎಲ್ಲಿ ಎಂದು ಹುಡುಕುತ್ತಿದ್ದರು. ಡಬ್ಬಿಗಳು ಖಾಲಿ ಇದ್ದವು. ಹುಡುಗಿಯರು ಸಾಲಾಗಿ ಬಂದರು, ಹನ್ನೆರಡು ಜೊತೆಯೂ ಕಾಲಿನಲ್ಲಿ. ಬಿಳಿ ಶೂಗಳಿಗೆ ಕಣಕಾಲಿನವರೆಗೆ ಕೆಂಪು ಕೆಸರು ಮೆತ್ತಿ ಒಣಗಿತ್ತು.

"ಅಯ್ಯ ನಿನ್ನ! ಪೂಜಿ ಆಗಿಲ್ಲ, ಫೋಟೊ ಆಗಿಲ್ಲ, ಏನ ಮಾಡೀದಿ ಇದು?" ಅಧ್ಯಕ್ಷರು ತಲೆಯ ಮೇಲೆ ಕೈ ಇಟ್ಟುಕೊಂಡರು.

"ನಿನ್ನೆ ಪಾರ್ಸಲ್ ಬಂತು ಕಾಕಾ. ನಳದ ಹತ್ರ ಕೆಸರಾಗ ಓಡಿಸಿದೆ," ಕೋಚ್ ಹೇಳಿದಳು. "ಇನ್ನ ಕಟ್ಟಿ ಇಡ್ರಿ ನೋಡೂಣು."

ಆಟಗಾರ ಜೋರಾಗಿ ನಕ್ಕ. ಮಂಡಿ ನೋಯುತ್ತಿದ್ದರೂ ಬಗ್ಗಿ ಒಬ್ಬಳ ಶೂಲೇಸ್ ಬಿಗಿಗೊಳಿಸಿದ. ಕಳೆದ ವರ್ಷದ ರೇಡರ್ ಅಲ್ಲಿರಲಿಲ್ಲ. ಭಾನುವಾರ ಮಾಲ್‌ನಲ್ಲಿ ರಜೆ ಇರುವುದಿಲ್ಲ. ಮಂಗಳವಾರ ಅವಳ ವಾರದ ರಜೆ, ಆ ದಿನ ಆಡಲು ಬರುತ್ತಾಳೆ ಎಂದು ಕೋಚ್ ಹೇಳಿದಳು. ಅವಳ ಅಳತೆಯ ಒಂದು ಜೊತೆಯನ್ನು ಆಟಗಾರ ಪಟ್ಟಿಯ ಹೊರಗೆ ಅದೇ ಪಾರ್ಸಲ್‌ನಲ್ಲಿ ಕಳುಹಿಸಿದ್ದ. ಅದೂ ಕೆಸರಾಗಿತ್ತು. ಯಾರ ಕಾಲಿನಿಂದ ಎಂದು ನಾನು ಕೇಳಲಿಲ್ಲ.

ಫೋಟೊ ನೋಡಿ ಸಂಪಾದಕರು, "ಸ್ವಲ್ಪ ಶುಚಿ ಇರುವ ಫೋಟೊ ಇಲ್ಲವಾ?" ಎಂದರು. ಇಲ್ಲ ಎಂದೆ. ಸುದ್ದಿ ಮೂರು ವಾಕ್ಯ ಬಂತು, ಫೋಟೊ ಇಲ್ಲದೆ. ಮೂರೂ ನಾನು ಕಣ್ಣಾರೆ ನೋಡಿದ್ದು. ಕೋಚ್ ಅದನ್ನು ಆಸ್ಪತ್ರೆಯಲ್ಲಿ ಯಾರಿಂದಲೋ ಓದಿಸಿ ಕೇಳಿ, ಅಲ್ಲಿಂದಲೇ ಫೋನ್ ಮಾಡಿದಳು.

"ಈ ಸಲ ಬರೋಬರಿ ಐತ್ರಿ" ಎಂದು ಹೇಳಿ, ಪಾಳಿಯ ಗಂಟೆ ಹೊಡೆಯಿತೆಂದು ಫೋನ್ ಇಟ್ಟುಬಿಟ್ಟಳು.