ಜಪಾನ್ ಬಗ್ಗೆ ನಾನು ಮಾಡಿದ ಸ್ಲೈಡ್‌ಗಳು

ಮಗಳ ಸ್ಕೂಲ್ ಪ್ರಾಜೆಕ್ಟನ್ನು ಅಪ್ಪ ಮಾಡಬಾರದು ಎಂಬ ಕಾನೂನು ಯಾವ ದೇಶದಲ್ಲಾದರೂ ಇದೆಯೇ? ಇದ್ದಿದ್ದರೆ ಹೋದ ವಾರ ನಾನು ಜೈಲಿನಲ್ಲಿರಬೇಕಿತ್ತು.

ನಿಧಿಗೆ ಹದಿನಾಲ್ಕು. ಕ್ವಾಲಾಲಂಪುರದಲ್ಲೇ ಬೆಳೆದವಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷ್‌ನಲ್ಲಿ ಉತ್ತರ. ಹಿಸ್ಟರಿ ಟೀಚರ್ ಕೊಟ್ಟ ವಿಷಯ, ಜಪಾನ್ ಆಧುನಿಕವಾದ ಕಥೆ. ನನಗೋ ಜಪಾನ್ ಎಂದರೆ ಪ್ರಾಣ. (ಆಫೀಸಿನ ಟ್ರೇನಿಂಗ್‌ಗಳಲ್ಲಿ ಹತ್ತು ವರ್ಷದಿಂದ ಅದನ್ನೇ ಕುಡಿಸಿದ್ದಾರೆ.) ಲ್ಯಾಪ್‌ಟಾಪ್ ಕಿತ್ತುಕೊಂಡು ಕೂತೆ.

ಕಥೆಯೂ ಹಾಗೇ ಇದೆಯಲ್ಲ! ಇನ್ನೂರು ವರ್ಷಕ್ಕೂ ಮೇಲೆ ಬಾಗಿಲು ಹಾಕಿಕೊಂಡಿದ್ದ ದೇಶ. ಅಮೆರಿಕದ ಯುದ್ಧನೌಕೆಗಳು ಬಂದು ಬಡಿದ ಮೇಲೆ ಕಣ್ಣುಜ್ಜಿಕೊಂಡು ಎದ್ದಿತು. ಕತ್ತಿ ಹಿಡಿದವರ ಮಕ್ಕಳು ಕೋಟು ತೊಟ್ಟರು. ರೈಲು, ಕಾರ್ಖಾನೆ, ಶಾಲೆ, ಸೈನ್ಯ, ಎಲ್ಲ ಒಂದೇ ತಲೆಮಾರಿನಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ರಿಪೇರಿಗೇ ಅಷ್ಟು ಸಮಯ ಬೇಕು.

ತೈವಾನ್, ಕೊರಿಯಾ, ಚೀನಾ, ಕೊನೆಗೆ ನಾವಿರುವ ಇದೇ ಮಲಯಾದ (ಈಗಿನ ಮಲೇಷ್ಯಾದ) ಮೇಲೆ ಬಿದ್ದಿದ್ದು? ಒಂದು ಸ್ಲೈಡಿನ ಮೂಲೆಯಲ್ಲಿ ‘ವಿಸ್ತರಣೆ’ ಎಂದು ಹಾಕಿ ಮುಂದೆ ಹೋದೆ. ಕಂಪನಿ ಹೊಸ ಬ್ರ್ಯಾಂಚ್ ತೆರೆದ ಹಾಗೆ.

ಭಾನುವಾರ ಬೆಳಿಗ್ಗೆ ರಿಹರ್ಸಲ್. ಪ್ರೇಕ್ಷಕರು ಪಕ್ಕದ ಮನೆಯ ಲೆಚ್ಚುಮಿ ಆಂಟಿ. ಎಂಬತ್ತು ದಾಟಿದ ತಮಿಳರು, ಇಲ್ಲೇ ಹುಟ್ಟಿದವರು. ಕೊನೆಗೊಂದು ಮಲೇಷ್ಯಾದ ‘ಲಾ’ ಅಂಟಿಸಿದ ಅವರ ತಮಿಳು ನಮಗೆ, ನಮ್ಮ ಕನ್ನಡ ಅವರಿಗೆ ಹೇಗೋ ಅರ್ಥವಾಗುತ್ತದೆ. ರೈಲಿನ ಚಿತ್ರ ಬಂದಾಗ ಆಂಟಿ ತಡೆದರು.

“ಯಾವ ರೈಲಮ್ಮಾ? ಸಯಾಮ್ ರೈಲಾ?”

“ಅಲ್ಲ ಆಂಟಿ, ಜಪಾನ್ ರೈಲು,” ಎಂದೆ.

“ಅದೂ ಜಪಾನ್‌ನವರದ್ದೇ ಲಾ. ನಮ್ಮಪ್ಪನ್ನ ಹಿಡ್ಕೊಂಡು ಹೋಗಿದ್ದೇ ಅದನ್ನ ಕಟ್ಟೋಕೆ.”

ಎರಡನೇ ಮಹಾಯುದ್ಧದ ಕಾಲ, ಮಲಯಾ ಜಪಾನಿನ ಕೈಯಲ್ಲಿತ್ತು. ಆಂಟಿಯ ಅಪ್ಪ ಮುನಿಯಾಂಡಿ ರಬ್ಬರ್ ತೋಟದ ಕೂಲಿ. ಮೂರು ತಿಂಗಳ ಕೆಲಸ, ಅಕ್ಕಿ ಸಿಗುತ್ತದೆ ಎಂದು ನಂಬಿಸಿ ಜಪಾನಿ ಸೈನಿಕರು ಲಾರಿ ಹತ್ತಿಸಿದರು. ಸಯಾಮ್, ಅಂದರೆ ಈಗಿನ ಥಾಯ್ಲೆಂಡಿನ ಕಾಡು ಕಡಿದು ಬರ್ಮಾವರೆಗೆ ಹಳಿ ಹಾಕಬೇಕಿತ್ತು. ಆಂಟಿ ಆಗ ತಾಯಿಯ ಹೊಟ್ಟೆಯಲ್ಲಿ. ಮುನಿಯಾಂಡಿ ವಾಪಸ್ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ತಾಯಿ ಕೊನೆಯವರೆಗೂ ಕುಂಕುಮ ಅಳಿಸಲಿಲ್ಲ.

ಆಗ ನಾನು ಏನು ಮಾಡಿದೆ ಗೊತ್ತೇ? ಗಡಿಯಾರ ನೋಡಿ, “ನಿಧೀ, ನೆಕ್ಸ್ಟ್ ಸ್ಲೈಡ್” ಎಂದೆ. (ಟೀಚರ್ ಐದೇ ನಿಮಿಷ ಕೊಟ್ಟಿದ್ದರಲ್ಲ!)

ನಿಧಿ ಲ್ಯಾಪ್‌ಟಾಪ್ ಮುಚ್ಚಿದಳು. “ಅಪ್ಪಾ, ಸ್ಟಾಪ್. ಲೆಟ್ ಹರ್ ಟಾಕ್.”

ಮಧ್ಯಾಹ್ನದವರೆಗೆ ಆಂಟಿ ಮಾತಾಡಿದರು, ಅವಳು ಬರೆದುಕೊಂಡಳು. ‘ನಾವೂ ಜಪಾನಿನಂತಾಗೋಣ’ ಎಂಬ ನನ್ನ ಅಮೋಘ ಕೊನೆಯ ಸ್ಲೈಡ್ ಡಿಲೀಟ್. ಅಲ್ಲಿ ಮುನಿಯಾಂಡಿಯ ಹೆಸರು ಬಂತು.

“ಮಾರ್ಕ್ಸ್ ಹೋಗತ್ತೆ ಕಣೇ! ಟಾಪಿಕ್ಕು ಮಾಡರ್ನೈಸೇಷನ್ನು,” ಎಂದು ಕೂಗಾಡಿದೆ.

“ಇಟ್ಸ್ ದ ಸೇಮ್ ಟಾಪಿಕ್, ಅಪ್ಪಾ.”

ಎಂದವಳೇ ನಾನು ಮೂಲೆಗೆ ತಳ್ಳಿದ್ದ ‘ವಿಸ್ತರಣೆ’ಯನ್ನು ಸ್ಲೈಡಿನ ನಡುವಿಗೆ ಎಳೆದಳು.

ಮಂಗಳವಾರ ಕ್ಲಾಸಿನಲ್ಲಿ ಐದು ನಿಮಿಷ ಇಡೀ ಪೀರಿಯಡ್ ಆಯಿತಂತೆ. ಚೀನೀ ಹುಡುಗಿಯೊಬ್ಬಳು ಎದ್ದು ತನ್ನ ಮುತ್ತಜ್ಜನನ್ನೂ ಎಳೆದೊಯ್ದಿದ್ದರು ಎಂದಳಂತೆ. ಟೀಚರ್ ಯಾರನ್ನೂ ತಡೆಯಲಿಲ್ಲ. ಬಸ್ಸಿಳಿದ ನಿಧಿ ನಮ್ಮ ಮನೆಗೆ ಬರಲೇ ಇಲ್ಲ, ಸೀದಾ ಆಂಟಿ ಮನೆಗೆ ಓಡಿದಳು.

ಸಂಜೆ ಆಂಟಿ ನನ್ನನ್ನು ಕರೆದರು. ಕಣ್ಣು ಕೆಂಪಗಿತ್ತು, ಮುಖ ಅರಳಿತ್ತು. “ಅಪ್ಪನ ಹೆಸರು ಸ್ಕೂಲಲ್ಲಿ ಹೇಳಿದ್ಳಂತಲ್ಲಪ್ಪಾ! ಆ ರೈಲು ಈಗ್ಲೂ ಓಡತ್ತಾ?”

ಓಡುತ್ತದೆ, ಸ್ವಲ್ಪ ದೂರ. ಸೆಲ್ಫಿ ತೆಗೆದುಕೊಳ್ಳಲು ಟೂರಿಸ್ಟ್‌ಗಳು ಕಿಟಕಿ ಸೀಟಿಗೆ ಮುಗಿಬೀಳುತ್ತಾರೆ ಎಂದು ಯಾವ ಬಾಯಲ್ಲಿ ಹೇಳಲಿ?