ಒಂದು ಸ್ಟಾರಿನ ಸಾರಿನ ಪುಡಿ

ನನ್ನ ಅಕ್ಕನ ಅಂಗಡಿಗೆ ನಮ್ಮ ನೆಂಟರಿಷ್ಟರೆಲ್ಲ ಸೇರಿ ಒಂದೊಂದೇ ಸ್ಟಾರ್ ಕೊಟ್ಟರು. ಜಗಳ ಇಲ್ಲ, ಹೊಟ್ಟೆಕಿಚ್ಚು ಇಲ್ಲ, ಆಸ್ತಿ ತಗಾದೆ ಇಲ್ಲ. ಬರೀ ಪ್ರೀತಿಯಿಂದ.

ತಪ್ಪು ನನ್ನದೇ. ಸ್ಟಾರ್ ಕೊಡಿ ಅಂತ ಕೇಳಿದವನು ನಾನು.

ಮೊದಲಿಂದ ಹೇಳುತ್ತೇನೆ. ವಾರವಾರ ಈ ಅಂಕಣ ಓದುವವರಿಗೆ ಗೊತ್ತಿರುವಂತೆ ನಾನು ಚಾಮರಾಜನಗರದಲ್ಲಿ ವರ್ಷಗಟ್ಟಲೆ ಕಾಮರ್ಸ್ ಪಾಠ ಮಾಡಿದ ಮೇಷ್ಟ್ರು. (ಈಗ ರಿಟೈರ್ಡ್. ಪಾಠ ಮಾಡುವ ಚಟ ಮಾತ್ರ ಇನ್ನೂ ಸರ್ವೀಸಿನಲ್ಲಿದೆ.) ಬದುಕಿನಲ್ಲಿ ಒಂದು ಬೆಂಕಿಪೊಟ್ಟಣವನ್ನೂ ಮಾರಿದವನಲ್ಲ. ಆದರೂ ನಮ್ಮೂರಿನಲ್ಲಿ ಸಣ್ಣ ವ್ಯಾಪಾರಿಗಳಿಗೆ ಮಾರ್ಕೆಟಿಂಗ್ ಹೇಳಿಕೊಡುವ ಒಂದು ದಿನದ ಕಾರ್ಯಾಗಾರ ನಡೆದಾಗ ಭಾಷಣಕ್ಕೆ ಕರೆದದ್ದು ನನ್ನನ್ನೇ. ಯಾಕೆ ಅಂತೀರಾ? ವ್ಯಾಪಾರ ಮಾಡುವವರಿಗೆ ಭಾಷಣ ಮಾಡಲು ಪುರುಸೊತ್ತೆಲ್ಲಿ?

ಇಪ್ಪತ್ತೆರಡು ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಬ್ರ್ಯಾಂಡ್ ಅಂದರೇನು, ಟಾರ್ಗೆಟ್ ಕಸ್ಟಮರ್ ಅಂದರೆ ಯಾರು, ಪ್ಯಾಕಿಂಗ್ ಹೇಗಿರಬೇಕು, ಆನ್‌ಲೈನಿನಲ್ಲಿ ಹೆಸರು ಮಾಡುವುದು ಹೇಗೆ. ಎರಡು ಗಂಟೆ ಕೊರೆದೆ. ಪ್ರಶ್ನೆ ಇದ್ದರೆ ಕೇಳಿ ಅಂದಾಗ ಬದನಗುಪ್ಪೆಯಿಂದ ಬಂದಿದ್ದ ಒಬ್ಬರು ಕೈ ಎತ್ತಿದರು. "ಸಾರ್, ಊಟ ಎಷ್ಟೊತ್ತಿಗೆ?" ಅಂದರು.

ಊಟಕ್ಕೆ ಕೂತಾಗ ಪಕ್ಕಕ್ಕೆ ಬಂದವಳು ನನ್ನ ಅಕ್ಕ ಗೌರಮ್ಮಣ್ಣಿ. ಬೇಗೂರಿನಿಂದ ಬಸ್ ಹತ್ತಿ ಬಂದು ಮೂರನೇ ಸಾಲಿನಲ್ಲಿ ಕೂತಿದ್ದಳಂತೆ. ನಾನು ನೋಡಿಯೇ ಇರಲಿಲ್ಲ.

"ಚೆಂದಾಗಿ ಮಾತಾಡ್ದೆ ಕಣ್ಲಾ ನಂಜ. ಏನೂ ಅರ್ಥ ಆಗ್ನಿಲ್ಲ. ನನ್ ಅಂಗ್ಡಿಗೂ ಒಂದ್ ಪ್ಲಾನು ಬರ್ಕೊಡು."

ಅಕ್ಕನ ಅಂಗಡಿ ಅಂದರೆ ಬೇಗೂರಿನಲ್ಲಿ ಹೈವೇಗೆ ಮುಖ ಮಾಡಿರುವ ಅವರ ಮನೆಯ ಮುಂದಿನ ರೂಮು. ಸಾರಿನ ಪುಡಿ, ಚಟ್ನಿಪುಡಿ, ತಮ್ಮದೇ ಹೊಲದ ಅರಿಸಿನದ ಪುಡಿ. ಅಷ್ಟೇ. ಆ ರೂಮಿನ ಮೇಲೆ ಗುಂಡ್ಲುಪೇಟೆಯ ಮೊಬೈಲ್ ಅಂಗಡಿಯವನೊಬ್ಬನ ಕಣ್ಣು ಬಿದ್ದಿತ್ತು. ಬಾಡಿಗೆಗೆ ಕೊಡಿ ಅಂತ ಭಾವನ ಹಿಂದೆ ಬಿದ್ದಿದ್ದ. ಭಾವ ಶಿವಮಲ್ಲಪ್ಪ ಒಳ್ಳೆಯ ಮನುಷ್ಯರೇ, ಆದರೆ ಲೆಕ್ಕದ ಮನುಷ್ಯರು. ದೀಪಾವಳಿವರೆಗೆ ನೋಡುತ್ತೇನೆ, ವ್ಯಾಪಾರ ಕುದುರದಿದ್ದರೆ ರೂಮು ಬಾಡಿಗೆಗೆ ಹೋಗುತ್ತದೆ ಅಂತ ಹೇಳಿಬಿಟ್ಟಿದ್ದರು.

"ಇಷ್ಟ್ ವರ್ಸ ಮಲ್ಲಪ್ಪನೋರ ಎಂಡ್ತಿ, ಮೇಷ್ಟ್ರ ಅಕ್ಕ ಅಂತಿದ್ರು. ಈಗ ಪುಡಿ ಅಮ್ಮಣ್ಣಿ ಅಂತಾರೆ ಕಣ್ಲಾ. ಅದ್ನ ಬುಡಕ್ಕೆ ನಂಗಾಗಲ್ಲ," ಅಂದಳು. ಅನ್ನ ಕಲಸುತ್ತಿದ್ದ ಅವಳ ಕೈ ನಿಂತಿತ್ತು.

ನಾನು ಎದೆ ತಟ್ಟಿಕೊಂಡೆ. "ನಾನಿದ್ದೀನಿ ಬಿಡಕ್ಕ. ಮೊದಲು ನಿನ್ನ ಟಾರ್ಗೆಟ್ ಕಸ್ಟಮರ್ ಯಾರು ಹೇಳು."

"ಅಂಗಂದ್ರೆ?"

"ನಿನ್ನ ಪುಡಿಯನ್ನ ಜಾಸ್ತಿ ತಿನ್ನೋರು ಯಾರು ಅಂತ."

"ಅದು ನಂಗೊತ್ತು ಬುಡು," ಅಂದು ಮಜ್ಜಿಗೆ ಬಡಿಸುವವರ ಕಡೆ ತಿರುಗಿದಳು. ಆ ಮಾತನ್ನು ನಾನು ಅಲ್ಲೇ ಹಿಡಿದುಕೊಳ್ಳಬೇಕಿತ್ತು. ಹಿಡಿದುಕೊಳ್ಳಲಿಲ್ಲ. ತಜ್ಞರು ಎದುರಿಗಿರುವವರ ಮಾತು ಕೇಳಿಸಿಕೊಳ್ಳುತ್ತಾರೆಯೇ?

ಮಾರನೇ ಭಾನುವಾರವೇ ಬೇಗೂರಿಗೆ ಹೋಗಿ ಅಂಗಡಿಯಲ್ಲಿ ಕೂತೆ. ಅಕ್ಕ ವ್ಯಾಪಾರ ಮಾಡುವುದನ್ನು ನೋಡಿ ಎದೆ ಒಡೆಯಿತು. ಕಾರಿನಲ್ಲಿ ಬಂದ ಗಂಡ ಹೆಂಡತಿ ಒಂದು ಕೆಜಿ ಸಾರಿನ ಪುಡಿ ಕೇಳಿದರು. ಅಕ್ಕ ತಕ್ಕಡಿ ಮುಟ್ಟಲೇ ಇಲ್ಲ. ಮನೆಯಲ್ಲಿ ಎಷ್ಟು ಜನ, ಖಾರ ತಿನ್ನುತ್ತಾರಾ, ವಯಸ್ಸಾದವರು ಇದ್ದಾರಾ, ಎಲ್ಲ ವಿಚಾರಿಸಿದಳು. ಇಬ್ಬರೇ ಅಂದಾಗ, "ಇಬ್ರಿಗೆ ಕಾಲ್ ಕೇಜಿ ಸಾಕು ಕಣಮ್ಮಿ, ಮೂರ್ ತಿಂಗ್ಳಾದ್ರೆ ಗಮ ಓಯ್ತದೆ," ಅಂತ ಕಾಲು ಕೆಜಿ ಕೊಟ್ಟು ಕಳಿಸಿದಳು. ಬಂದ ಒಂದು ಕೆಜಿಯನ್ನು ತಾನೇ ಕೈಯಾರೆ ಕಾಲು ಕೆಜಿ ಮಾಡಿದ ವ್ಯಾಪಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನಾನು ಕೆಲಸ ಶುರು ಮಾಡಿದೆ. ಲೇಬಲ್ ಮಾಡಿಸಿದೆ. ವಯನಾಡಿನ ಕಡೆಯಿಂದ ಬರುವ ಕಾರುಗಳು ನಿಲ್ಲಲಿ ಅಂತ ಗುಂಡ್ಲುಪೇಟೆಯ ಬೇಕರಿಯವರ ಕೈಯಲ್ಲಿ ಬರೆಸಿ ಮಲಯಾಳಂ ಬೋರ್ಡ್ ಹಾಕಿಸಿದೆ. ಬೋರ್ಡ್ ನೋಡಿ ಮೊದಲ ಕಾರು ನಿಂತೂಬಿಟ್ಟಿತು. ಇಳಿದವರು ಕೇಳಿದ್ದು, "ಚಾಯ ಉಂಡೋ?" ಅಕ್ಕ ಒಳಗೆ ಹೋಗಿ ಐದು ಜನಕ್ಕೂ ಟೀ ಮಾಡಿಕೊಟ್ಟಳು. ದುಡ್ಡು ಇಸಿದುಕೊಳ್ಳಲಿಲ್ಲ. ಮನೆ ಬಾಗಿಲಿಗೆ ಬಂದವರ ಹತ್ತಿರ ಟೀಗೆ ದುಡ್ಡು ಕೇಳುತ್ತಾರಾ ಅಂತ ನನಗೇ ಬೈದಳು.

ಕೊನೆಯ ಅಸ್ತ್ರ ಮ್ಯಾಪ್. ಅಕ್ಕನ ಅಂಗಡಿಯನ್ನು ಫೋನಿನ ಮ್ಯಾಪಿನಲ್ಲಿ ಸೇರಿಸಿದೆ. ಫೋಟೊ ಹಾಕಿದೆ. ಆಮೇಲೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಮೆಸೇಜ್ ಬಿಟ್ಟೆ. "ಎಲ್ಲರೂ ಅಕ್ಕನ ಅಂಗಡಿಗೆ ಸ್ಟಾರ್ ಕೊಟ್ಟು, ಪುಡಿ ಹೇಗಿದೆ ಅಂತ ಎರಡು ಸಾಲು ಬರೆಯಿರಿ. ಗರಿಷ್ಠ ಐದು ಸ್ಟಾರ್."

ಗ್ರೂಪಿನಲ್ಲಿ ಅಕ್ಕನ ಮನೆ, ನಮ್ಮ ಮನೆ ಬಿಟ್ಟು ಮೂವತ್ತು ಮನೆಯವರಿದ್ದಾರೆ. ಸಾಮಾನ್ಯವಾಗಿ ನನ್ನ ಮೆಸೇಜಿಗೆ ಎರಡು ಕೈಮುಗಿಯುವ ಚಿತ್ರ ಬಂದರೆ ಹೆಚ್ಚು. ಈ ಸಲ ಸಂಜೆಯೊಳಗೆ ಎಲ್ಲ ಮನೆಯವರೂ ಸ್ಟಾರ್ ಹಾಕಿದ್ದರು. ಖುಷಿಯಿಂದ ಮ್ಯಾಪ್ ತೆರೆದೆ. ಅಂಗಡಿಯ ಸರಾಸರಿ, ಒಂದಕ್ಕಿಂತ ಚೂರೇ ಚೂರು ಮೇಲೆ.

ಒಂದು! ಹೈವೇ ಬದಿಯ ಶೌಚಾಲಯಗಳಿಗೂ ಮೂರು ಇರುತ್ತದೆ ಸ್ವಾಮಿ.

ಗ್ರೂಪ್ ತೆರೆದು ನೋಡಿದೆ. ಅಲ್ಲಿತ್ತು ಮೂಲ. ತೆರಕಣಾಂಬಿಯಲ್ಲಿರುವ ನಮ್ಮ ಚಿಕ್ಕಮ್ಮ, ಅಂದರೆ ನಮ್ಮಮ್ಮನ ತಂಗಿ ದೇವಮ್ಮಣ್ಣಿ, ನನ್ನ ಮೆಸೇಜಿನ ಕೆಳಗೇ ಒಂದು ವಾಯ್ಸ್ ಮೆಸೇಜ್ ಹಾಕಿದ್ದರು. "ಎಲ್ರೂ ಕೇಳ್ರಪ್ಪಾ. ಮನೆಯೋರೇ ಪೂರ್ತಿ ಐದು ಕೊಟ್ರೆ ಮಗಿ ಅಂಗ್ಡಿಗೆ ದಿಷ್ಟಿ ಆಗಲ್ವಾ? ಊರೋರ್ ಕಣ್ಣು ಸುಮ್ಕಿರ್ತದಾ? ಒಂದೊಂದು ಸಾಕು. ದಿಷ್ಟಿಬೊಟ್ಟು ಇಟ್ಟಂಗೆ ಇರ್ಲಿ."

ಕೂಸಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಡುತ್ತೀವಲ್ಲ, ಹಾಗೆ. ಮೂವತ್ತು ಮನೆಯವರೂ ಚಾಚೂ ತಪ್ಪದೆ ಬೊಟ್ಟು ಇಟ್ಟಿದ್ದರು. ನನ್ನ ಇಪ್ಪತ್ತೆರಡು ಸ್ಲೈಡಿನಲ್ಲಿ ದೃಷ್ಟಿಗೆ ಒಂದು ಸ್ಲೈಡೂ ಇರಲಿಲ್ಲ.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ಚಿಕ್ಕಮ್ಮ, ಒಂದು ಸ್ಟಾರ್ ಅಂದ್ರೆ ಅಂಗಡಿ ದರಿದ್ರ ಅಂತ ಅರ್ಥ. ಎಲ್ಲರಿಗೂ ಹೇಳಿ ಐದು ಮಾಡಿಸಿ."

"ಇಟ್ಟಿರೋ ಬೊಟ್ಟ ಅಳಿಸ್ತಾರೇನ್ಲಾ? ಅಪಶಕುನ ಕಣ. ಓದಿದೋನು ನೀನು, ಅಷ್ಟೂ ತಿಳಿಯಲ್ವಾ?" ಅಂದು ಫೋನ್ ಇಟ್ಟರು.

ಭಾನುವಾರ ತಪ್ಪೊಪ್ಪಿಕೊಳ್ಳಲು ಬೇಗೂರಿಗೆ ಹೋದೆ. ಅಕ್ಕ ಪುಡಿ ಜರಡಿ ಹಿಡಿಯುತ್ತಿದ್ದಳು. ಭಾವ ಬೆಂಚಿನ ಮೇಲೆ ಕೂತು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಫೋನ್ ನೋಡುತ್ತಿದ್ದರು. ಅಂಗಡಿಯ ರಿವ್ಯೂಗಳನ್ನೇ ಓದುತ್ತಿದ್ದರು. ಇನ್ನೇನು, ರೂಮು ಮೊಬೈಲ್ ಅಂಗಡಿಯವನ ಪಾಲಾಯಿತು ಅಂದುಕೊಂಡೆ.

"ಬನ್ನಿ ಮೇಷ್ಟ್ರೇ, ಒಳ್ಳೆ ಕೆಲ್ಸ ಮಾಡಿದ್ದೀರಿ," ಅಂದ ಭಾವ ಜೋರಾಗಿ ಓದತೊಡಗಿದರು.

"ಅಕ್ಕನ ಪುಡಿ ಇಲ್ಲದೆ ನಮ್ಮ ಮನೆಯಲ್ಲಿ ಸಾರೇ ಆಗುವುದಿಲ್ಲ. ಒಂದು ಸ್ಟಾರ್, ಗುಂಡ್ಲುಪೇಟೆ ಮಂಜುಳ."

"ನನ್ನ ಬಾಣಂತನಕ್ಕೆ ಅಂತ ಬೇರೆಯಾಗಿ ಮೆಣಸಿನ ಪುಡಿ ಮಾಡಿ ಕಳಿಸಿದ್ದರು. ಆ ರುಚಿ ಮರೆಯಲ್ಲ. ಒಂದು ಸ್ಟಾರ್."

"ಮಕ್ಕಳು ಹಾಸ್ಟೆಲಿಗೆ ಡಬ್ಬ ತುಂಬಿಸಿಕೊಂಡು ಹೋಗುತ್ತಾರೆ. ಒಂದು ಸ್ಟಾರ್."

ಒಂದೊಂದು ಓದಿದ ಹಾಗೂ ಅಕ್ಕನ ಮುಖ ಅರಳುತ್ತಿತ್ತು. ಅವಳ ಪುಡಿಯ ಬಗ್ಗೆ ಯಾರೂ ಅವಳ ಎದುರಿಗೆ ಇಷ್ಟು ಹೇಳಿರಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಭಾವನ ಮುಖ ಮಾತ್ರ ಬೇರೆ ಬಣ್ಣಕ್ಕೆ ತಿರುಗುತ್ತಿತ್ತು. ಅವರು ಫೋನ್ ಕೆಳಗಿಟ್ಟರು.

"ಅಲ್ಲ ಕಣಮ್ಮಿ, ಮೂವತ್ತು ಮನೆಯೋರೂ ನಮ್ ಪುಡಿನೇ ತಿಂತಾವ್ರಾ? ಇದ್ರಲ್ಲಿ ಕಾಸು ಕೊಟ್ಟೋರ್ ಯಾರು?"

ಅಕ್ಕ ಜರಡಿಯನ್ನು ಇನ್ನೂ ಜೋರಾಗಿ ಆಡಿಸಿದಳು. "ನೆಂಟ್ರು ಬಂದ್ರೆ ಬರಿಗೈಲಿ ಕಳಿಸ್ತಾರಾ?" ಅಂದಳು.

ಮದುವೆಗೆ ಬಂದವರಿಗೆ ಒಂದು ಪೊಟ್ಟಣ. ಸೀಮಂತಕ್ಕೆ ಹೋದರೆ ಮಡಿಲಿಗೆ ಒಂದು. ಊರಿಗೆ ಬಂದವರ ಬ್ಯಾಗಿಗೆ ಎರಡು. ಇಬ್ಬರೇ ಇರುವ ಮನೆಗೆ ಒಂದು ಕೆಜಿ ಮಾರಲು ಮನಸ್ಸಾಗದ ಹೆಂಗಸು ನೆಂಟರಿಗೆ ಕೆಜಿಗಟ್ಟಲೆ ದಾನ ಮಾಡುತ್ತಿದ್ದಳು. ಅಂಗಡಿಗೆ ಗಿರಾಕಿ ಇಲ್ಲ ಅಂತ ಯಾರು ಹೇಳಿದ್ದು? ಗಿರಾಕಿಗಳು ದಂಡಿಯಾಗಿದ್ದರು, ಗಲ್ಲಾಪೆಟ್ಟಿಗೆಯ ಕಡೆ ಬಂದಿರಲಿಲ್ಲ ಅಷ್ಟೇ.

ನಾನು ಭಾವನ ಕಡೆ ಸೇರಿಕೊಂಡೆ. "ಎಂಥಾ ಜನ ಭಾವ! ಬಿಟ್ಟಿ ತಿಂದು ಸ್ಟಾರ್ ಬೇರೆ ಒಂದೇ ಕೊಡ್ತಾರೆ!"

"ಇನ್ನೊಂದದೆ ಇರಿ ಮೇಷ್ಟ್ರೇ," ಅಂದ ಭಾವ ಮತ್ತೆ ಫೋನ್ ಎತ್ತಿಕೊಂಡರು. "ಅತ್ತಿಗೆ ಪುಡಿ ಬರಲು ಶುರುವಾದ ಮೇಲೆ ನಮ್ಮ ಮನೆಗೆ ಅಂಗಡಿ ಪುಡಿ ತಂದೇ ಇಲ್ಲ. ಎರಡು ಸ್ಟಾರ್."

ಬರೆದವರು ನನ್ನ ಹೆಂಡತಿ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಇಷ್ಟು ವರ್ಷ ತಿಂಗಳು ತಿಂಗಳೂ ಅಕ್ಕನ ಮನೆಯ ಡಬ್ಬ ತುಂಬಿಸಿಕೊಂಡು ಹೋದ ಮಾರ್ಕೆಟಿಂಗ್ ತಜ್ಞ ಅಲ್ಲಿ ಬೆಪ್ಪನ ಹಾಗೆ ನಿಂತಿದ್ದ. ನಾಚಿಕೆಯಾಯಿತು. ನಿಜವಾಗಿ ಆಯಿತು.

ಆದರೆ ಅಕ್ಕ ಒಪ್ಪಬೇಕಲ್ಲ? ನೆಂಟರ ಹತ್ತಿರ ಕಾಸು ಕೇಳುವುದಕ್ಕಿಂತ ಅಂಗಡಿ ಮುಚ್ಚುವುದೇ ವಾಸಿ ಅಂದಳು. ಭಾವ ಹಾಗಾದರೆ ಮುಚ್ಚು ಅಂದರು. ಮಾತು ಬೆಳೆಯಿತು. ನಾನು ಮೆತ್ತಗೆ ಚಪ್ಪಲಿ ಹುಡುಕಿಕೊಂಡು ಬಸ್ ಸ್ಟಾಂಡಿನ ದಾರಿ ಹಿಡಿದೆ.

ದಾರಿ ತೋರಿಸಿದ್ದು ಬೊಟ್ಟಿಟ್ಟ ಚಿಕ್ಕಮ್ಮನೇ. ಜಗಳದ ಸುದ್ದಿ ಕಿವಿಗೆ ಬಿದ್ದ ಮಾರನೇ ಬೆಳಿಗ್ಗೆ ತೆರಕಣಾಂಬಿಯಿಂದ ಬಸ್ ಹತ್ತಿ, ಗುಂಡ್ಲುಪೇಟೆಯಲ್ಲಿ ಇನ್ನೊಂದು ಬಸ್ ಹಿಡಿದು, ಅಕ್ಕ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಎದುರಿಗೆ ನಿಂತಿದ್ದರಂತೆ. ಅರ್ಧ ಕೆಜಿ ಕೇಳಿ ದುಡ್ಡು ಚಾಚಿದರು. ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು.

"ವ್ಯಾಪಾರ ಅಲ್ಲ ಕಣಮ್ಮಿ, ಬೋಣಿ. ಬೋಣಿ ಕಾಸ ಬ್ಯಾಡ ಅಂತೀಯಾ?" ಅಂದರು ಚಿಕ್ಕಮ್ಮ.

ಬೋಣಿ ಅಂದರೆ ದಿನದ ಮೊದಲ ವ್ಯಾಪಾರ. ಅದನ್ನು ಬೇಡ ಅನ್ನುವ ಧೈರ್ಯ ನಮ್ಮ ಕಡೆಯ ಯಾವ ಅಂಗಡಿಯವರಿಗಿದೆ? ಅಕ್ಕ ದುಡ್ಡು ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು.

ಅಲ್ಲಿಗೆ ನಿಲ್ಲಲಿಲ್ಲ. ಬೆಂಚಿನ ಮೇಲೆ ಕೂತು ಚಿಕ್ಕಮ್ಮ ಗ್ರೂಪಿಗೆ ಇನ್ನೊಂದು ವಾಯ್ಸ್ ಮೆಸೇಜ್ ಬಿಟ್ಟರು. ಗೌರಿ ಅಂಗಡಿಗೆ ಕೈಗುಣ ಇರುವವರ ಬೋಣಿ ಬೇಕು. ದಿನಕ್ಕೊಂದು ಮನೆ. ಫೋನಿನಲ್ಲಿ ಕಾಸು ಹಾಕಿದರೆ ಬೋಣಿಯಲ್ಲ, ಕೈಯಾರೆ ಬಂದು ಕೊಡಬೇಕು. ತಮ್ಮ ಕೈಗುಣ ಚೆನ್ನಾಗಿಲ್ಲ ಅಂತ ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ? ಮೂವತ್ತು ಮನೆ, ತಿಂಗಳಿಗೆ ಮೂವತ್ತು ದಿನ. ನಾನು ತಾನು ಅಂತ ಮುಗಿಬಿದ್ದು ಎರಡೇ ದಿನದಲ್ಲಿ ಕ್ಯಾಲೆಂಡರ್ ತುಂಬಿಸಿದರು.

ಬಂದವರು ಒಬ್ಬರೇ ಬರುವುದಿಲ್ಲ, ಜೊತೆಗೆ ಅಕ್ಕಪಕ್ಕದವರನ್ನೂ ಕರೆತರುತ್ತಾರೆ. ಬೆಳಿಗ್ಗೆ ಬೆಳಿಗ್ಗೆ ಅಂಗಡಿ ಮುಂದೆ ನಾಲ್ಕು ಜನ ನಿಂತಿದ್ದರೆ ಊಟಿಗೆ ಹೋಗುವ ಕಾರಿಗೂ ಅನುಮಾನ ಬಂದು ನಿಲ್ಲುತ್ತದೆ. ದೀಪಾವಳಿಯ ವಾರ ಅಕ್ಕ ಎರಡು ಸಲ ಮಿಲ್ಲಿಗೆ ಹೋದಳು. ಭಾವ ಮೊಬೈಲ್ ಅಂಗಡಿಯವನಿಗೆ ಬೇರೆಯವರ ರೂಮು ತೋರಿಸಿ ಕೈ ತೊಳೆದುಕೊಂಡರು. ಮ್ಯಾಪಿನಲ್ಲಿ ಈಗಲೂ ಒಂದೇ ಸ್ಟಾರ್. ಬೊಟ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಚಿಕ್ಕಮ್ಮ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ನನ್ನ ಇಪ್ಪತ್ತೆರಡು ಸ್ಲೈಡ್ ಏನಾಯಿತು ಅಂತ ಕೇಳಬೇಡಿ. ಇಪ್ಪತ್ಮೂರನೆಯದನ್ನು ಸೇರಿಸಿದ್ದೇನೆ. ಅದರಲ್ಲಿ ಒಂದೇ ಪದ ಇದೆ, ಬೋಣಿ. (ಮುಂದಿನ ಕಾರ್ಯಾಗಾರಕ್ಕೆ ಇನ್ನೂ ಯಾರೂ ಕರೆದಿಲ್ಲ.)

ಮೊನ್ನೆ ಡಬ್ಬ ಖಾಲಿಯಾಯಿತು. ಈ ಸಲ ಮರ್ಯಾದೆಯಾಗಿ ಕಾಸು ಕೊಟ್ಟೇ ತರೋಣ ಅಂತ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕ, ನನಗೂ ಒಂದು ದಿನ ಕೊಡು. ಬೋಣಿ ಮಾಡ್ತೀನಿ."

ಅಕ್ಕ ಅಂದಳು:

"ನಿನ್ ಬೋಣಿ ಬ್ಯಾಡ ಕಣ್ಲಾ ನಂಜ. ನಿನ್ ಕೈಗುಣ ನೋಡ್ಬುಟ್ಟಿವ್ನಿ. ನೀನು ಎರಡ್ನೇ ಗಿರಾಕಿಯಾಗಿ ಬಾ, ಕಾಸ್ ತಕ್ಕೊಂಡು ಬಾ."

ಅದಿರಲಿ, ನಿಮ್ಮ ಮನೆಯ ಡಬ್ಬದಲ್ಲಿರುವುದು ಯಾರ ಪುಡಿ, ಕಾಸು ಕೊಟ್ಟಿದ್ದೀರಾ?